ಗುಟ್ಟು ಬಯಲಾದ ಮೇಲಿನ ಅಲಾನಾ



ಫ್ಯಾಂಟಸಿ ಸಾಹಿತ್ಯದ ನಾಯಕಿಯರ ಈ ಪುಸ್ತಕ ಪ್ರದರ್ಶನವನ್ನು ಉದ್ಘಾಟಿಸಲು ನನ್ನನ್ನು ಕರೆದಿದ್ದೀರಿ. ಎಲ್ಲರ ಬಗ್ಗೆ ಹೇಳಹೊರಟರೆ ಯಾರ ಬಗ್ಗೆಯೂ ಹೇಳಿದಂತಾಗದು. ಹಾಗಾಗಿ ಒಬ್ಬಳನ್ನೇ ಆರಿಸಿಕೊಂಡಿದ್ದೇನೆ. ಅವಳು ಅಮೆರಿಕದ ಟಮೋರಾ ಪಿಯರ್ಸ್ ಬರೆದ ‘ಸಾಂಗ್ ಆಫ್ ದ ಲಯನೆಸ್’ ಮಾಲೆಯ ಅಲಾನಾ.

ಪಿಯರ್ಸ್ ಇದನ್ನು ಮೊದಲು ದೊಡ್ಡವರಿಗಾಗಿ ಒಂದೇ ದಪ್ಪ ಕಾದಂಬರಿಯಾಗಿ ಬರೆದಿದ್ದರು. ಆಮೇಲೆ ಹದಿಹರೆಯದ ಹುಡುಗಿಯರ ವಸತಿಗೃಹವೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಮಕ್ಕಳಿಗೆ ಇದೇ ಕತೆಯನ್ನು ಬಾಯಲ್ಲಿ ಹೇಳುತ್ತಾ ಹೋದರು. ಮುಂದೆ ಅದು ನಾಲ್ಕು ಪುಸ್ತಕಗಳಾಗಿ 1983ರಿಂದ 1988ರವರೆಗೆ ಅಚ್ಚಾಯಿತು. ಆಸರೆ ಬೇಕಿದ್ದ ಹುಡುಗಿಯರ ಎದುರು ಕೂತು ಹೇಳಿದ ಕತೆ ಇದು ಎಂಬುದನ್ನು ನಾನು ಮರೆಯಲಾರೆ.

ಟೋರ್ಟಾಲ್ ಎಂಬ ರಾಜ್ಯ. ಅವಳಿ ಮಕ್ಕಳಲ್ಲಿ ಗಂಡು ಥಾಮ್‌ಗೆ ಮಂತ್ರವಿದ್ಯೆಯ ಆಸೆ, ಹೆಣ್ಣು ಅಲಾನಾಗೆ ಕತ್ತಿಯ ಆಸೆ. ಅಪ್ಪ ನಿಶ್ಚಯಿಸಿದ್ದು ಇದಕ್ಕೆ ತಿರುಗುಮುರುಗು. ಮಕ್ಕಳಿಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಅಲಾನಾ ಕೂದಲು ಕತ್ತರಿಸಿಕೊಂಡು ‘ಅಲನ್’ ಎಂಬ ಹುಡುಗನಾಗಿ ಅರಮನೆಯಲ್ಲಿ ಯೋಧರ ತರಬೇತಿಗೆ ಸೇರುತ್ತಾಳೆ.

ಗಂಡುವೇಷ ತೊಟ್ಟು ಯುದ್ಧಕ್ಕೆ ಹೋದ ಹೆಣ್ಣಿನ ಕತೆ ಲೋಕಕ್ಕೆ ಹೊಸದಲ್ಲ. ಗಮಕದಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ನಮಗಂತೂ ವೇಷ ಬದಲಿಸಿದ ವೀರರು ಪರಿಚಿತರೇ. ಆದರೆ ಬೃಹನ್ನಳೆಯ ವೇಷ ಅಜ್ಞಾತವಾಸ ಮುಗಿದೊಡನೆ ಕಳಚಿಬೀಳುತ್ತದೆ, ಅರ್ಜುನ ಅರ್ಜುನನಾಗಿಯೇ ಮರಳುತ್ತಾನೆ. ಹೆಚ್ಚಿನ ವೇಷದ ಕತೆಗಳ ನಡೆ ಹೀಗೆಯೇ. ವೇಷ ಕಳಚಿತು, ಕತೆ ಮುಗಿಯಿತು.

ಆದರೆ ಅಲಾನಾಳ ಗುಟ್ಟು ರಟ್ಟಾಗುವುದು ಎರಡನೆಯ ಪುಸ್ತಕದ ಕೊನೆಯಲ್ಲಿ. ಎದುರಾಳಿ ಡ್ಯೂಕ್ ರೋಜರ್‌ನೊಂದಿಗಿನ ದ್ವಂದ್ವಯುದ್ಧದಲ್ಲಿ, ಇಡೀ ಆಸ್ಥಾನದ ಕಣ್ಣೆದುರು. ಇನ್ನೂ ಎರಡು ಪುಸ್ತಕ ಬಾಕಿ ಇವೆ! ಗಂಡು-ಹೆಣ್ಣಿನ ಸಿದ್ಧ ಚೌಕಟ್ಟನ್ನು ಪ್ರಶ್ನಿಸುವ ಕ್ವಿಯರ್ ಓದಿಗೆ ಈ ಮಾಲೆ ತೆರೆದುಕೊಳ್ಳುವುದು ಇಲ್ಲಿಯೇ ಎಂಬುದು ನನ್ನ ನಂಬಿಕೆ. ವೇಷದ ಕಾರಣವೆಲ್ಲ ಮುಗಿದ ಮೇಲೂ ಅವಳು ಹಳೆಯ ಹೆಣ್ಣುತನಕ್ಕೆ ವಾಪಸಾಗುವುದಿಲ್ಲ. ಕತ್ತಿ ಹಿಡಿದು ಮರುಭೂಮಿಗೆ ಹೋಗುತ್ತಾಳೆ, ಅಲ್ಲಿನ ಬಝೀರ್ ಜನರ ಬುಡಕಟ್ಟೊಂದರ ಮಾಂತ್ರಿಕಳಾಗುತ್ತಾಳೆ, ಪ್ರೀತಿಸಿದ ರಾಜಕುಮಾರ ಜೊನಾಥನ್ ಮದುವೆಯ ಮಾತೆತ್ತಿದಾಗ ಒಲ್ಲೆನೆನ್ನುತ್ತಾಳೆ. ಆ ಮೂರನೆಯ ಪುಸ್ತಕದ ಹೆಸರೇ ‘ದ ವುಮನ್ ಹೂ ರೈಡ್ಸ್ ಲೈಕ್ ಎ ಮ್ಯಾನ್’.

ಈ ಓದಿಗೆ ಆಕ್ಷೇಪವೂ ಇದೆ, ಅದು ಬಲವಾದದ್ದೇ. ಹುಡುಗಿಯರಿಗೆ ಬಾಗಿಲು ಮುಚ್ಚಿತ್ತು, ಅದಕ್ಕೇ ವೇಷ ತೊಟ್ಟಳು, ಇದರಲ್ಲಿ ಲಿಂಗ ಅಸ್ಮಿತೆಯ ಮಾತೆಲ್ಲಿ ಬಂತು ಎನ್ನುತ್ತಾರೆ. ಎಲ್ಲರೂ ಅಲನ್ ಎಂದು ನಂಬಿರುವಾಗಲೂ ನಿರೂಪಣೆ ಅವಳನ್ನು ಹೆಣ್ಣೆಂದೇ ಕರೆಯುತ್ತದೆ ಎಂಬುದೂ ನಿಜ. ಅವಳನ್ನು ಟ್ರಾನ್ಸ್ ಪುರುಷನೆಂದು ಓದುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಹಾಗಾದರೆ ದೇಹದ ಪ್ರಸಂಗಗಳನ್ನು ಏನು ಮಾಡುವುದು? ಎದೆ ಬೆಳೆಯತೊಡಗಿದಾಗ ಅವಳಿಗಾಗುವುದು ಸಿಕ್ಕಿಬೀಳುವ ಭಯವಷ್ಟೇ ಅಲ್ಲ, ತನ್ನ ಮೈ ತನಗೇ ಎದುರುಬಿದ್ದಿದೆ ಎಂಬ ಸಿಟ್ಟೂ ಹೌದು. ಬಟ್ಟೆಯಿಂದ ಬಿಗಿದು ಕಟ್ಟುತ್ತಾಳೆ. ಮೊದಲ ಮುಟ್ಟು ಬಂದಾಗ ಅದೇನೆಂದೇ ತಿಳಿಯದೆ ಗಾಬರಿಯಾಗುತ್ತಾಳೆ. ಕಳ್ಳರ ದೊರೆ ಜಾರ್ಜ್ ಅವಳನ್ನು ವೈದ್ಯೆಯಾದ ತನ್ನ ತಾಯಿಯ ಬಳಿ ಕರೆದೊಯ್ಯುತ್ತಾನೆ. ಈ ಮುಟ್ಟನ್ನು ನಿಲ್ಲಿಸಲಾಗದೇ ಎಂಬುದು ಅವಳ ಹಂಬಲ. ತನ್ನ ದೇಹದೊಂದಿಗೆ ಜಗಳವಾಡುತ್ತಾ ಬೆಳೆದ ಮಗು ಈ ಪುಟಗಳ ಮೇಲೆ ಬೆರಳಿಟ್ಟು ಇದು ನಾನೇ ಎಂದರೆ, ಅಲ್ಲ ಎನ್ನುವ ಅಧಿಕಾರ ಯಾವ ವಿಮರ್ಶಕನಿಗೂ ಇಲ್ಲ.

ಮುಂದೆ ಅದೇ ಅಲಾನಾ ತಾನಾಗಿಯೇ ಜಾರ್ಜ್‌ನ ಆ ತಾಯಿಯ ಮನೆಗೆ ಹೋಗಿ ಹೆಣ್ಣಿನ ಉಡುಪು ಉಡುವುದನ್ನು ಕಲಿಯುತ್ತಾಳೆ. ಕತ್ತಿಯೂ ಅವಳಿಗೆ ಬೇಕು, ಈ ಉಡುಪೂ ಬೇಕು. ಪಿಯರ್ಸ್ ಎಷ್ಟೋ ವರ್ಷಗಳ ನಂತರ, ಅಲಾನಾಗೆ ಹೊಂದುವ ಮಾತು ಜೆಂಡರ್ ಫ್ಲೂಯಿಡ್ (ಒಂದೇ ಲಿಂಗದಲ್ಲಿ ನಿಲ್ಲದೆ ಹರಿಯುವ ಅಸ್ಮಿತೆ) ಇರಬಹುದು, ಬರೆಯುವಾಗ ಅಂಥದ್ದೊಂದು ಹೆಸರು ತನಗೆ ಗೊತ್ತಿರಲಿಲ್ಲ ಎಂಬರ್ಥದಲ್ಲಿ ಸಾರ್ವಜನಿಕವಾಗಿಯೇ ಹೇಳಿದರು. ಅವರು ಹೇಳದೆ ಹೋಗಿದ್ದರೂ ಈ ಓದು ನಿಲ್ಲುತ್ತಿತ್ತು. ಅದನ್ನು ಹೊರುವ ಕಸುವು ಪಠ್ಯಕ್ಕೇ ಇದೆ.

ನಮ್ಮ ವೀರನಾರಿಯನ್ನು ಕಸಿದುಕೊಳ್ಳುತ್ತಿದ್ದೀರಿ ಎಂದು ನೊಂದುಕೊಳ್ಳುವ ಓದುಗಿಯರಿದ್ದಾರೆ. ಅವರ ನೋವನ್ನು ನಾನು ಗೌರವಿಸುತ್ತೇನೆ. ಆದರೆ ಪಿಯರ್ಸ್ 1999ರಲ್ಲಿ ಆರಂಭಿಸಿದ ಇನ್ನೊಂದು ಮಾಲೆಯಲ್ಲಿ ಕೆಲಡ್ರಿ ಎಂಬ ಹುಡುಗಿ ಯಾವ ವೇಷವೂ ಇಲ್ಲದೆ ಅದೇ ಅರಮನೆಗೆ ತರಬೇತಿಗೆ ಬರುತ್ತಾಳೆ. ಅಲಾನಾ ತುಳಿದ ದಾರಿಯಿಂದಲೇ ಅವಳಿಗೆ ಅದು ಸಾಧ್ಯವಾಯಿತು. ಹೆಣ್ಣುಮಕ್ಕಳಿಗೆ ದಾರಿ ಮಾಡಿಕೊಟ್ಟವಳು ಗಂಡು-ಹೆಣ್ಣೆಂಬ ಎರಡೇ ಖಾನೆಗಳಲ್ಲಿ ಹಿಡಿಸದವಳೂ ಆಗಿರಬಹುದು. ಇದರಿಂದ ಯಾರಿಗೂ ನಷ್ಟವಿಲ್ಲ.

ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಸಾರುತ್ತೇನೆ. ಇಲ್ಲಿಗೆ ಬಂದಿರುವ ತಂದೆತಾಯಿಯರಲ್ಲಿ, ಶಿಕ್ಷಕರಲ್ಲಿ, ಗ್ರಂಥಪಾಲಕರಲ್ಲಿ ಒಂದು ವಿನಂತಿ. ಯಾವುದಾದರೂ ಮಗು ಅಲಾನಾಳ ಪುಸ್ತಕವನ್ನು ಎತ್ತಿಕೊಂಡರೆ ಯಾಕೆಂದು ಕೇಳಬೇಡಿ. ನಾಲ್ಕೂ ಭಾಗಗಳನ್ನು ಕೊಡಿಸಿ, ನೀವೂ ಓದಿ.