ಪ್ರೋಗ್ರಾಮಿಂಗ್ ಕಲಿಯಲು ಒಂದೇ ದಾರಿಯೇ?



‘ಅಲ್ಗಾರಿದಮ್’ ಎಂಬ ಪದವು ಒಂಬತ್ತನೆಯ ಶತಮಾನದ ಬಗ್ದಾದಿನ ಗಣಿತಜ್ಞ ಅಲ್ ಖ್ವಾರಿಝ್ಮಿಯ ಹೆಸರಿನಿಂದ ಹುಟ್ಟಿತೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಮಕ್ಕಳಿಗೆ ಆ ವಿದ್ಯೆ ಯಾವ ರೀತಿಯಲ್ಲಿ ತಲುಪಬೇಕೆಂದು ಯೋಚಿಸಿದ್ದೇವೆಯೇ? ಇಂಗ್ಲಿಷ್ ಸಾಲುಗಳನ್ನು ಬಾಯಿಪಾಠ ಒಪ್ಪಿಸಿದವನು ಜಾಣ, ಉಳಿದವರೆಲ್ಲ ದಡ್ಡರು ಎಂಬ ತೀರ್ಪು ಒಂದು ಪೀಳಿಗೆಯನ್ನೇ ಹೊರಗಿಡಬಲ್ಲದು.

ಶೆರಿ ಟರ್ಕಲ್ ಮತ್ತು ಸೈಮೂರ್ ಪೇಪರ್ಟ್ 1990ರಲ್ಲಿ ಪ್ರಕಟಿಸಿದ ಲೇಖನವೊಂದು ಇಲ್ಲಿ ಗಮನಾರ್ಹ. ಕೆಲವರು ಮೊದಲು ಪೂರ್ಣ ಯೋಜನೆ ಹಾಕಿಕೊಂಡು ಪ್ರೋಗ್ರಾಮ್ ಬರೆಯುತ್ತಾರೆ; ಇನ್ನು ಕೆಲವರು ತುಣುಕುಗಳನ್ನು ಜೋಡಿಸಿ, ಬದಲಿಸಿ ನೋಡುತ್ತಾ ಅದೇ ಗುರಿ ಮುಟ್ಟುತ್ತಾರೆ. ಮೊದಲನೆಯದೊಂದೇ ಸರಿಯೆಂದು ಹಟ ಹಿಡಿದರೆ ಪ್ರತಿಭಾವಂತ ವಿದ್ಯಾರ್ಥಿನಿಯರೂ ಈ ವಿದ್ಯೆಯಿಂದ ದೂರ ಸರಿಯುತ್ತಾರೆಂದು ಅವರು ಎಚ್ಚರಿಸಿದರು.

ಹಾಗೆಂದು ‘ಇವನು ನೋಡಿ ಕಲಿಯುವವನು, ಇವಳು ಕೇಳಿ ಕಲಿಯುವವಳು’ ಎಂದು ಮಕ್ಕಳಿಗೆ ಹಣೆಪಟ್ಟಿ ಅಂಟಿಸುವುದೂ ಸಲ್ಲದು. ಅಂಥ ವರ್ಗೀಕರಣಕ್ಕೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಸ್ಪಷ್ಟಪಡಿಸಿದ್ದಾರೆ. ಆದ್ದರಿಂದ ಮಗುವಿಗೊಂದು ದಾರಿಯಲ್ಲ, ಪ್ರತಿ ಮಗುವಿಗೂ ಹಲವು ದಾರಿಗಳು ಬೇಕು.

ಶಿಡ್ಲಘಟ್ಟದ ರೇಷ್ಮೆ ಕೆಲಸವನ್ನೇ ನೋಡಿ. ಗೂಡನ್ನು ಬೇಯಿಸು, ಎಳೆಯ ತುದಿ ಹುಡುಕು, ಗೂಡು ಮುಗಿಯುವವರೆಗೂ ನೂಲು ಸುತ್ತು, ಎಳೆ ತುಂಡಾದರೆ ಜೋಡಿಸು. ಪ್ರೋಗ್ರಾಮಿಂಗಿನ ಅನುಕ್ರಮ, ಪುನರಾವರ್ತನೆ, ಷರತ್ತು ಮೂರೂ ಇದರಲ್ಲಿವೆ. ಮಕ್ಕಳು ಇದನ್ನು ಮೊದಲು ಅಭಿನಯಿಸಲಿ, ಚಿತ್ರವಾಗಿ ಬರೆಯಲಿ. ಬಳಿಕ 2007ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆ ಹೊರತಂದ, ಉಚಿತವಾಗಿ ದೊರೆಯುವ ಸ್ಕ್ರ್ಯಾಚ್‌ನಲ್ಲಿ ಬಣ್ಣದ ತುಣುಕುಗಳನ್ನು ಜೋಡಿಸಲಿ. ಕೊನೆಗೆ ಪೈಥಾನ್‌ನಲ್ಲಿ ಅಕ್ಷರಗಳಲ್ಲಿ ಬರೆಯಲಿ. ಆಜ್ಞೆಗಳು ಇಂಗ್ಲಿಷಿನಲ್ಲಿರಬಹುದು, ಅವುಗಳ ಚರ್ಚೆ ಉರ್ದುವಿನಲ್ಲೋ ಕನ್ನಡದಲ್ಲೋ ತೆಲುಗಿನಲ್ಲೋ ನಡೆದರೆ ವಿದ್ಯೆಯ ಘನತೆ ಕುಗ್ಗುವುದಿಲ್ಲ.

ಕಂಪ್ಯೂಟರ್‌ಗಳು ಕಡಿಮೆಯಿದ್ದಲ್ಲಿ ಇಬ್ಬರು ಒಂದರ ಮುಂದೆ ಕುಳಿತು ಸರದಿಯಂತೆ ಕೀಲಿಮಣೆ ಹಿಡಿಯಲಿ. ಅಣ್ಣ ಕೂರುವುದು, ತಂಗಿ ಹಿಂದೆ ನಿಂತು ನೋಡುವುದು ಎಂಬ ಏರ್ಪಾಡು ನಮ್ಮ ಮನೆಗಳಲ್ಲಿ ಕೊನೆಗೊಳ್ಳಬೇಕು.

ಪೋಷಕರಾದ ನಾವು ಕೇಳಬೇಕಾದ ಪ್ರಶ್ನೆ ‘ಎಷ್ಟು ಅಂಕ ಬಂತು?’ ಎಂಬುದಲ್ಲ; ‘ನೀನು ಮಾಡಿದ್ದನ್ನು ತೋರಿಸು, ಇದನ್ನು ಹೀಗೆ ಬದಲಿಸಬಲ್ಲೆಯಾ?’ ಎಂಬುದು. ಬದಲಿಸಬಲ್ಲ ಮಗು ನಿಜಕ್ಕೂ ಕಲಿತಿದೆ. ಬದಲಿಸಲಾಗದ ಮಗುವಿಗೆ ಇನ್ನೊಂದು ದಾರಿಯನ್ನು ತೋರಿಸುವ ಹೊಣೆ ನಮ್ಮದು.