ಜೋಳದ ಋಣ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡುನುಡಿಯ ಮಾತನ್ನು ಬಲ್ಲವರು ಆಡಿದ್ದಾರೆ. ನಾನು ಅಡಿಗೆಮನೆಯ ಜೋಳದ ರೊಟ್ಟಿಯ ಬಗ್ಗೆ ನಾಲ್ಕು ಮಾತು ಅರಿಕೆ ಮಾಡುತ್ತೇನೆ. ಮುದ್ದೆಯವರೂ ಅಕ್ಕಿರೊಟ್ಟಿಯವರೂ ಸಭೆಯಲ್ಲಿದ್ದೀರಿ, ಬೇಸರಿಸಬಾರದು.

ಜೋಳ ನಮ್ಮ ನೆಲದಲ್ಲಿ ಹುಟ್ಟಿದ ಕಾಳಲ್ಲ. ಪೂರ್ವ ಸೂಡಾನಿನ ಜನ ಅದನ್ನು ಸುಮಾರು 5000 ವರ್ಷಗಳ ಹಿಂದೆಯೇ ಬೆಳೆಯತೊಡಗಿದ್ದರೆಂದು ಅಲ್ಲಿಯ ಉತ್ಖನನಗಳು ತೋರಿಸಿವೆ. ಆ ಪರದೇಶದ ಕಾಳು ವಿಜಯಪುರ, ಕಲಬುರಗಿ, ಸೊಲ್ಲಾಪುರಗಳ ಎರೆಭೂಮಿಯಲ್ಲಿ ಬೇರೂರಿತು; ನಮ್ಮ ನುಡಿಯಲ್ಲಿಯೂ ಬೇರುಬಿಟ್ಟಿತು. ಅನ್ನವಿಕ್ಕಿದ ಒಡೆಯನಿಗಾಗಿ ಪ್ರಾಣವನ್ನೇ ಕೊಡುವ ಋಣವನ್ನು ಹಳಗನ್ನಡದವರು ‘ಜೋಳವಾಳಿ’ ಎಂದು ಕರೆದರು. 10ನೆಯ ಶತಮಾನದ ಪಂಪನ ಕರ್ಣ ದುರ್ಯೋಧನನನ್ನು ಬಿಡದೆ ನಿಂತದ್ದು ಇಂಥ ಋಣಕ್ಕಾಗಿಯೇ.

1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಸೊಲ್ಲಾಪುರ ಈ ಕಡೆ ಉಳಿಯಿತು. ಆದರೆ ಆ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಮಾಲದಂಡಿ ಜೋಳವನ್ನು ಗಡಿಯ ಎರಡೂ ಕಡೆಯ ರೈತರು ಬಿತ್ತುತ್ತಾರೆ. ಪುಣೆಯ ನಮ್ಮ ನೆರೆಯವರು ಭಾಕರಿ ಎನ್ನುತ್ತಾರೆ, ನಾವು ರೊಟ್ಟಿ ಎನ್ನುತ್ತೇವೆ.

ಇನ್ನು ಮಾಡುವ ಬಗೆ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಡಿಯುವಾಗ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿದರೆ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು; ಹಳತಾದರೆ ಜಿಗಿ ಹೋಗುತ್ತದೆ. ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿ, ಅಂಗೈಯಿಂದ ಬಡಿಯುತ್ತ ತಿರುಗಿಸಬೇಕು. ಕಾದ ಹಂಚಿಗೆ ಹಾಕಿ ಮೇಲೆ ಒದ್ದೆ ಅರಿವೆಯಿಂದ ನೀರು ಸವರಬೇಕು. ನೀರು ಆರುತ್ತಲೆ ಮಗುಚಿ, ಕೊನೆಗೆ ಉರಿಗೆ ಹಿಡಿದರೆ ರೊಟ್ಟಿ ಉಬ್ಬುತ್ತದೆ.

ಹೇಳುವುದಕ್ಕೆ ಇಷ್ಟೆ. ಆದರೆ ಎಸರು ಎಷ್ಟು, ಪೆಟ್ಟು ಎಷ್ಟು ಎಂಬುದು ಕೈಯಿಂದ ಕೈಗೆ ಬರಬೇಕಾದ ವಿದ್ಯೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಲೋಕವೆಲ್ಲ ಜೋಳವನ್ನು ಹೊಗಳಿತು. ಪುಣೆಯಲ್ಲಿ ಜೋಳಕ್ಕೆ ಕೊರತೆಯಿಲ್ಲ. ಮಾಡಿದ ರೊಟ್ಟಿಯೂ ಕೊಳ್ಳಲು ಸಿಗುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಬಡಿಯಬಲ್ಲ ಕೈ ಮಾತ್ರ ಅಜ್ಜಿಯದೊಂದೇ ಉಳಿದಿದೆ.

ಆದ್ದರಿಂದ ನನ್ನ ಬಿನ್ನಹವಿಷ್ಟು: ವಾರಕ್ಕೊಂದು ದಿನ ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳೂ ಮೊಮ್ಮಗನೂ ಕೂಡಲಿ. ಮೊದಲ ಹತ್ತು ರೊಟ್ಟಿ ಹರಿದರೆ ಹರಿಯಲಿ. ಹರಿದದ್ದನ್ನೂ ಎಣ್ಣೆಗಾಯಿಯೊಡನೆ ಉಣ್ಣಬಹುದಷ್ಟೆ! ಎಸರು, ನಾದು, ಬಡಿ, ಮಗುಚು ಎಂಬ ಕನ್ನಡವೂ ಆ ಒಲೆಯ ಮುಂದೆಯೇ ಮಕ್ಕಳ ಬಾಯಿಗೆ ಬಂದೀತು. ನಾವು ಉಂಡ ಜೋಳದ ಋಣ ತೀರಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ತೋರದು.