ಬೇರೆಯವರು ತಂದುಕೊಡುವ ಪಾಪರ್ ಚೀಟಿ



‘ಪಾಪರ್ ಚೀಟಿ’ ಎಂಬುದು ಕನ್ನಡದಲ್ಲಿ ಹಳೆಯ ಮಾತು. ಸಾಲ ಕೊಟ್ಟವರ ಕಾಟ ತಡೆಯಲಾರದ ವರ್ತಕ ತಾನಾಗಿ ಕೋರ್ಟಿಗೆ ಹೋಗಿ ಅದನ್ನು ಪಡೆಯುತ್ತಾನೆ ಎಂಬುದು ಆ ಮಾತಿನ ಹಿಂದಿರುವ ಚಿತ್ರ. ಸಿಡ್ನಿಯ ಅಪಾರ್ಟ್‌ಮೆಂಟುಗಳಲ್ಲಿ ಈ ಚಿತ್ರ ತಲೆಕೆಳಗಾಗಿದೆ. ಅಲ್ಲಿ ಮನೆಯೊಡೆಯನಿಗೆ ಬೇಡದ ಚೀಟಿಯನ್ನು ನೆರೆಹೊರೆಯವರೇ ಕೋರ್ಟಿನಿಂದ ತಂದುಕೊಡಬಹುದು. ಕಾರಣ, ಕಟ್ಟದೆ ಉಳಿದ ನಿರ್ವಹಣಾ ವಂತಿಗೆ, ಅಂದರೆ ಲೆವಿ.

ಮಹಡಿ ಮನೆಗಳಿಗೆ ಬಿಡಿಬಿಡಿಯಾಗಿ ಹಕ್ಕುಪತ್ರ ನೀಡುವ ಸ್ಟ್ರಾಟಾ ಕಾನೂನನ್ನು ನ್ಯೂ ಸೌತ್ ವೇಲ್ಸ್ 1961ರಲ್ಲೇ ಮಾಡಿತು. ಮನೆ ಕೊಂಡವರು ಕೇಳದೆಯೇ ಮಾಲೀಕರ ಸಂಘದ ಸದಸ್ಯರಾಗುತ್ತಾರೆ. ದಿನದ ಖರ್ಚಿನ ನಿಧಿಗೂ ದೊಡ್ಡ ದುರಸ್ತಿಯ ನಿಧಿಗೂ ಲೆವಿ ಕಟ್ಟಬೇಕು. ಗಡುವು ಮುಗಿದು ತಿಂಗಳೊಳಗೆ ಕಟ್ಟದಿದ್ದರೆ ವರ್ಷಕ್ಕೆ ಶೇಕಡಾ 10ರ ಸರಳ ಬಡ್ಡಿ. ಇದರಲ್ಲಿ ಅನ್ಯಾಯವೇನೂ ಇಲ್ಲ. ಹನ್ನೆರಡು ಮನೆಗಳ ಕಟ್ಟಡದಲ್ಲಿ ಇಬ್ಬರು ಕಟ್ಟದಿದ್ದರೆ ಲಿಫ್ಟಿನ ಖರ್ಚು ಉಳಿದ ಹತ್ತು ಮಂದಿಯ ತಲೆಯ ಮೇಲೆಯೇ ಬೀಳುತ್ತದೆ.

ಅನ್ಯಾಯ ಇರುವುದು ವಸೂಲಿಯ ಕೊನೆಯ ಅಸ್ತ್ರದಲ್ಲಿ. ಸಂಘವು ಮೊದಲು ಬಾಕಿಗೆ ತೀರ್ಪು ಪಡೆಯುತ್ತದೆ. ತೀರ್ಪಿನ ಮೊತ್ತ 10,000 ಡಾಲರ್ ಮುಟ್ಟಿದರೆ ದಿವಾಳಿ ನೋಟಿಸು ಕೊಡಿಸಬಹುದು. 2021ರ ಜನವರಿಗೆ ಮೊದಲು, ಕೋವಿಡ್‌ನ ತಾತ್ಕಾಲಿಕ ಸಡಿಲಿಕೆಯನ್ನು ಬಿಟ್ಟರೆ, ಈ ಮಿತಿ 5,000 ಮಾತ್ರ ಇತ್ತು. ಮೂಲ ಬಾಕಿ ಇದಕ್ಕಿಂತ ಕಡಿಮೆಯಿದ್ದರೂ ಬಡ್ಡಿ, ವಕೀಲರ ಶುಲ್ಕ, ವಸೂಲಿ ಖರ್ಚು ಸೇರಿ ಮೊತ್ತ ಗೆರೆ ದಾಟುವುದು ಕಷ್ಟವಲ್ಲ. ನೋಟಿಸು ತಲುಪಿದ ಮೇಲೆ 21 ದಿನಗಳ ಅವಕಾಶ. ಆಮೇಲೆ ಅರ್ಜಿ, ಕೋರ್ಟಿನ ಆದೇಶ.

ಆದೇಶವಾದ ಗಳಿಗೆಯಲ್ಲಿ ಮನೆ ಟ್ರಸ್ಟಿಯ ಕೈಸೇರುತ್ತದೆ. ಪಾತ್ರೆ ಪಡಗ, ಮಂಚ ಕುರ್ಚಿಗಳಿಗೆ ಕಾನೂನಿನ ರಕ್ಷಣೆಯಿದೆ, ಅವನ್ನಿಡುವ ಮನೆಗಿಲ್ಲ. ಆಸ್ತಿಪಾಸ್ತಿಯ ಹೇಳಿಕೆ ಸಲ್ಲಿಸಿದಂದಿನಿಂದ ಮೂರು ವರ್ಷ ಒಂದು ದಿನ ದಿವಾಳಿತನ. ರಾಷ್ಟ್ರೀಯ ದಿವಾಳಿ ಸೂಚಿಯಲ್ಲಿ ಹೆಸರು ಶಾಶ್ವತ. ವಲಸಿಗರು ಗಮನಿಸಬೇಕಾದ ಸಂಗತಿ ಇದಕ್ಕಿಂತ ಮುಂದಿದೆ. ದಿವಾಳಿಯಾದವರು ಟ್ರಸ್ಟಿಯ ಅನುಮತಿಯಿಲ್ಲದೆ ಆಸ್ಟ್ರೇಲಿಯಾ ಬಿಟ್ಟು ಹೋಗುವಂತಿಲ್ಲ. ಮೈಸೂರಿನಲ್ಲಿ ತಾಯಿ ಆಸ್ಪತ್ರೆ ಸೇರಿದರೂ ವಿಮಾನ ಹತ್ತುವ ಮೊದಲು ಆ ಅನುಮತಿ ಬೇಕು. ಕಾನೂನಿನ ಪ್ರಕಾರ ‘ಆಸ್ತಿ’ ಎಂದರೆ ಆಸ್ಟ್ರೇಲಿಯಾದಲ್ಲಿರುವುದಷ್ಟೇ ಅಲ್ಲ, ಶಿವಮೊಗ್ಗದ ಸೈಟೂ ಹೌದು. ಈ ಅವಧಿಯಲ್ಲಿ ತಂದೆ ತೀರಿಕೊಂಡು ಹಾಸನದ ಜಮೀನಿನಲ್ಲಿ ಪಾಲು ಬಂದರೆ ಅದೂ ಟ್ರಸ್ಟಿಯ ಲೆಕ್ಕಕ್ಕೆ. ಭಾರತದಲ್ಲಿ ಅದನ್ನು ವಸೂಲು ಮಾಡುವುದು ಟ್ರಸ್ಟಿಗೆ ಸುಲಭವಲ್ಲ, ನಿಜ. ಆದರೆ ಮುಚ್ಚಿಟ್ಟರೆ ಅಪರಾಧ.

ಇದೇ ದಿವಾಳಿ ಶಾಸ್ತ್ರ ಬಿಲ್ಡರಿಗೆ ಹೇಗೆ ಒದಗುತ್ತದೆ ನೋಡಿ. 2019ರ ಜೂನ್‌ನಲ್ಲಿ ಸಿಡ್ನಿಯ ಮ್ಯಾಸ್ಕಟ್ ಟವರ್ಸ್‌ನಲ್ಲಿ ಬಿರುಕು ಕಂಡು 132 ಮನೆಗಳನ್ನು ತೆರವು ಮಾಡಿಸಲಾಯಿತು. ಕಟ್ಟಡಕ್ಕೆ ಹತ್ತು ವರ್ಷ ದಾಟಿತ್ತು, ಶಾಸನಬದ್ಧ ಖಾತರಿಯ ಅವಧಿ ಮುಗಿದಿತ್ತು. ವಾಸಿಸಲಾಗದ ಮನೆಗೆ ಮಾಲೀಕರು ಬ್ಯಾಂಕಿನ ಕಂತನ್ನೂ ದುರಸ್ತಿಯ ವಿಶೇಷ ಲೆವಿಯನ್ನೂ ಹೊರಬೇಕಾಯಿತು. ಒಂದೊಂದು ಕಟ್ಟಡಕ್ಕೆ ಒಂದೊಂದು ಕಂಪನಿ ತೆರೆದು, ಮನೆಗಳು ಮಾರಾಟವಾದ ಮೇಲೆ ಬಾಗಿಲು ಹಾಕುವುದು ಈ ಉದ್ಯಮದ ಹಳೆಯ ಚಾಳಿ. ಕಂಪನಿ ಮುಳುಗಿದರೆ ಅದರ ಒಡೆಯನ ಸ್ವಂತ ಮನೆ ಸಾಮಾನ್ಯವಾಗಿ ಸುರಕ್ಷಿತ. ಫ್ಲಾಟಿನ ಮಾಲೀಕನಿಗೆ ಅಂಥ ‘ಸೀಮಿತ ಹೊಣೆ’ ಇಲ್ಲ.

‘ಬಾತ್‌ರೂಮ್ ಸೋರಿಕೆ ನಿಲ್ಲಿಸಲಿ, ಆಮೇಲೆ ಕಟ್ಟುತ್ತೇನೆ’ ಎಂಬ ಹಟ ಭಾರತೀಯರಲ್ಲಿ ಸಾಮಾನ್ಯ. ಬೆಂಗಳೂರಿನಲ್ಲಿ ಅದು ವಾಟ್ಸಾಪ್ ಜಗಳವಾಗಿ ತಣ್ಣಗಾಗಬಹುದು. ಸಿಡ್ನಿಯಲ್ಲಿ ದುರಸ್ತಿಯ ದೂರು ಒಂದು ದಾರಿ, ಲೆವಿಯ ಹೊಣೆ ಬೇರೊಂದು ದಾರಿ. ಒಂದನ್ನು ತೋರಿಸಿ ಇನ್ನೊಂದನ್ನು ತಡೆಹಿಡಿಯಲಾಗದು. ಕೋರ್ಟಿಗೆ ಹಾಜರಾಗದೆ ಏಕಪಕ್ಷೀಯ ತೀರ್ಪಾದವರಿಗೆ ಒಂದು ಕಿಂಡಿಯಿದೆ: ತೀರ್ಪಿನ ಹಿಂದೆ ನಿಜವಾದ ಸಾಲ ಇದೆಯೇ ಎಂದು ದಿವಾಳಿ ನ್ಯಾಯಾಲಯ ಪರಿಶೀಲಿಸಬಹುದೆಂದು 2017ರಲ್ಲಿ ಹೈಕೋರ್ಟ್ ಹೇಳಿದೆ. ಆಸ್ಟ್ರೇಲಿಯಾದಲ್ಲಿ ಹೈಕೋರ್ಟ್ ಎಂದರೆ ಸರ್ವೋಚ್ಚ ನ್ಯಾಯಾಲಯ. ಆದರೆ ಆ ಕಿಂಡಿ ತೆರೆಯಲೂ ವಕೀಲರು ಬೇಕು, ವಕೀಲರಿಗೆ ಹಣ ಬೇಕು. 2025ರ ತಿದ್ದುಪಡಿಯ ಪ್ರಕಾರ ಕಂತಿನಲ್ಲಿ ಕಟ್ಟುತ್ತೇನೆಂಬ ಕೋರಿಕೆಯನ್ನು ಸಂಘವು ಸಕಾರಣವಿಲ್ಲದೆ ತಳ್ಳಿಹಾಕುವಂತಿಲ್ಲ. ಒಳ್ಳೆಯ ಹೆಜ್ಜೆ, ಆದರೆ ಕೊನೆಯ ಅಸ್ತ್ರ ಇನ್ನೂ ಬತ್ತಳಿಕೆಯಲ್ಲೇ ಇದೆ.

ಆ ಅಸ್ತ್ರ ಅನಿವಾರ್ಯವೂ ಅಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ ಇಂಥ ಬಾಕಿಯನ್ನು ಆ ಮನೆಯ ಮೇಲಿನ ಋಣಭಾರವೆಂದು ಎಣಿಸುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲೂ ಹಳೆಯ ಬಾಕಿಗೆ ಹೊಸ ಮಾಲೀಕ ಹಳೆಯವನೊಂದಿಗೆ ಹೊಣೆಯಾಗುತ್ತಾನೆ. ಆದ್ದರಿಂದ ಕೊಳ್ಳುವವರು ಸಂಘದ ಪ್ರಮಾಣಪತ್ರ ನೋಡಿಯೇ ಹಣ ಕೊಡುತ್ತಾರೆ. ಮನೆ ಎಂದು ಮಾರಾಟವಾದರೂ ಸಂಘದ ಹಣ ಬಂದೇ ಬರುತ್ತದೆ. ಮಾರಾಟದವರೆಗೆ ಸೋರುವ ಚಾವಣಿ ಕಾಯುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಸಂಘಗಳು ಪಡೆಯುವ ಸ್ಟ್ರಾಟಾ ಸಾಲವಿದೆ, ಕಂತಿನ ಒಪ್ಪಂದವಿದೆ. ಸ್ವಂತ ವಾಸದ ಮನೆಯ ಲೆವಿ ಬಾಕಿಗಾಗಿ ದಿವಾಳಿ ಅರ್ಜಿ ಹಾಕುವುದನ್ನೇ ನಿಷೇಧಿಸಬೇಕು ಎಂಬ ಬೇಡಿಕೆ ಕ್ಯಾನ್‌ಬೆರಾದ ಸಂಸತ್ತಿಗೆ ಹೋಗಬೇಕು, ಏಕೆಂದರೆ ದಿವಾಳಿ ಕಾಯಿದೆ ಒಕ್ಕೂಟದ್ದು. ಅಲ್ಲಿಯವರೆಗೆ ಪ್ಯಾರಮಾಟಾ, ವೆಸ್ಟ್‌ಮೀಡ್‌ಗಳ ಸಂಘಗಳಲ್ಲಿ ಸಮಿತಿ ಸದಸ್ಯರಾಗಿರುವ ಕನ್ನಡಿಗರು ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಬಹುದು: ಬಾಕಿದಾರರ ಪಟ್ಟಿಯನ್ನು ವಕೀಲರಿಗೆ ಕಳಿಸುವ ಮೊದಲು ಆ ಮನೆಯ ಬಾಗಿಲನ್ನು ಯಾರಾದರೂ ತಟ್ಟಿದ್ದಾರೆಯೇ?